ಕಾಲಡಿಯ ನೆಲ

ಹೆಗ್ಗಡದೇವನಕೋಟೆ ಸೀಮೆಯ ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಿಂದ ಹೊರಟು, ಹೊಗೆಸೊಪ್ಪಿನ ಹೊಲಗಳನ್ನೂ ಅವುಗಳ ನಡುವೆ ತಲೆಯೆತ್ತಿ ನಿಂತ ಬ್ಯಾರನ್ನುಗಳನ್ನೂ ಹಾಯ್ದು ಹುಣಸೂರನ್ನು ಸೇರಿ, ಅಲ್ಲಿಂದ ಪಿರಿಯಾಪಟ್ಟಣದ ಮಾರ್ಗವಾಗಿ ಪಡುವಣಕ್ಕೆ ಸಾಗಿ, ಟಿಬೆಟಿನ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆಯನ್ನು ಹಿಂದಿಕ್ಕಿ, ಕೊಪ್ಪದ ಬಳಿ ಕಾವೇರಿಯ ಸೇತುವೆಯನ್ನು ದಾಟಿದ ಪಥಿಕನು, ಅರ್ಧ ದಿನವೂ ಹಿಡಿಯದ ಆ ಪಯಣದಲ್ಲಿ ಕಬಡ್ಡಿ, ವಾಲಿಬಾಲು, ಕ್ರಿಕೆಟ್ಟುಗಳ ಸೀಮೆಯಿಂದ ಹಾಕಿಯ ಸೀಮೆಗೆ ಕಾಲಿಟ್ಟಿರುತ್ತಾನೆ. ನದಿಯ ಈಚೆಗೆ ಹಾಕಿಯ ಕೋಲು ವಿರಳ. ಆಚೆಗೆ, ಕೊಡವರ ಮನೆಗಳಲ್ಲಿ, ಕೋವಿಯೊಡನೆ ಹಾಕಿಯ ಕೋಲೂ ಮನೆತನದ ಸ್ವತ್ತಾಗಿದೆ. ಐಸ್ ಹಾಕಿಯಾದರೋ ಎರಡು ದಡಗಳಿಗೂ ಅಪರಿಚಿತವಾದುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆರೆಯ ನೀರು ತಾನಾಗಿ ಗಡ್ಡೆಕಟ್ಟಿದುದನ್ನು ಕಂಡವರಿಲ್ಲ; ಧನುರ್ಮಾಸದ ಮುಂಜಾವದಲ್ಲಿ ಕೂಡ ಹುಲ್ಲಿನ ತುದಿಗೆ ಬರುವುದು ಇಬ್ಬನಿಯೇ ಹೊರತು ಹಿಮವಲ್ಲ; ಮಂಜುಗಡ್ಡೆಯೆಂದರೆ ಇಲ್ಲಿಯವರಿಗೆ ಕಬಿನಿಯ ಮೀನನ್ನು ದೂರದ ಪೇಟೆಗೆ ಕಳುಹಿಸುವ ಪೆಟ್ಟಿಗೆಯೊಳಗಿನ ಪದಾರ್ಥ.

ಅಂಥ ಸೀಮೆಯಲ್ಲಿ ಕುಳಿತು ಐಸ್ ಹಾಕಿಯ ವೃತ್ತಿಗಾರನ ಜೀವಿತವನ್ನು ವಿಚಾರಿಸಹೊರಡುವುದಕ್ಕೆ ತಕ್ಕ ಕಾರಣವಿದೆ. ಆಟಗಾರರ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅವರ ಗೋಲುಗಳನ್ನೂ ಪದಕಗಳನ್ನೂ ಎಣಿಸುತ್ತಾರೆ. ಅವರ ಪಾದಗಳ ಕೆಳಗೆ ಇದ್ದ ನೆಲ ಎಂಥದೆಂಬುದನ್ನು ಹೇಳದೆ ಬಿಡುತ್ತಾರೆ. ಹುಲ್ಲು, ಪ್ಲಾಸ್ಟಿಕ್ಕಿನ ಕೃತಕ ಹಾಸು, ಮಂಜುಗಡ್ಡೆ ಈ ಮೂರರ ಮೇಲೆಯೂ ಹೆಚ್ಚುಕಡಮೆ ಒಂದೇ ಆಟ ನಡೆಯುತ್ತದೆ. ಕೈಯಲ್ಲಿ ತುದಿ ಬಾಗಿದ ಕೋಲು, ಎದುರಿಗೆ ಒಂದು ಗೋಲು, ನಡುವೆ ಹೊಡೆಯತಕ್ಕ ಒಂದು ವಸ್ತು. ಆ ವಸ್ತುವಿನ ತೂಕ ಕೂಡ ಬಹುಪಾಲು ಒಂದೇ: ಮೈದಾನದ ಹಾಕಿಯ ಚೆಂಡು 156ರಿಂದ 163 ಗ್ರಾಂ, ಐಸ್ ಹಾಕಿಯ ಪಕ್ ಎಂಬ ಕರಿಯ ರಬ್ಬರಿನ ಬಿಲ್ಲೆ 156ರಿಂದ 170 ಗ್ರಾಂ. ಇಷ್ಟು ಸಾಮ್ಯವಿದ್ದೂ ಈ ಮೂರು ನೆಲಗಳ ಆಟಗಾರರ ಮೈಕಟ್ಟು, ನೋವು, ಗಳಿಕೆ, ನಿವೃತ್ತಿಯ ವಯಸ್ಸು ಎಲ್ಲವೂ ಬೇರೆ ಬೇರೆಯಾಗಿರುವುದಾದರೆ, ಆ ಭೇದದ ಬಹುಭಾಗವನ್ನು ನೆಲದಲ್ಲಿಯೇ ಹುಡುಕಬೇಕಾಗುತ್ತದೆ.

ಮೊದಲು ಮಂಜುಗಡ್ಡೆಯನ್ನೇ ನೋಡೋಣ. ಒಣನೆಲದ ಮೇಲೆ ರಬ್ಬರಿನ ಅಟ್ಟೆ ಒದಗಿಸುವ ಘರ್ಷಣೆಗೆ ಹೋಲಿಸಿದರೆ, ಮಂಜುಗಡ್ಡೆಯ ಮೇಲೆ ಉಕ್ಕಿನ ಸ್ಕೇಟು ಎದುರಿಸುವ ಘರ್ಷಣೆ ಅದರ ನೂರರಲ್ಲೊಂದು ಪಾಲಿಗೂ ಕಡಮೆ. ಅದರ ಗುಣಾಂಕ ಸುಮಾರು 0.005ರ ಆಸುಪಾಸಿನಲ್ಲಿದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿರುವ ಆಟಗಾರನೊಬ್ಬನು ಕಾಲಾಡಿಸುವುದನ್ನು ನಿಲ್ಲಿಸಿಬಿಟ್ಟನೆನ್ನೋಣ. ಗಾಳಿಯ ತಡೆಯನ್ನು ಗಣಿಸದಿದ್ದರೆ, ಘರ್ಷಣೆಯೊಂದೇ ಅವನನ್ನು ತಡೆದು ನಿಲ್ಲಿಸುವಷ್ಟರಲ್ಲಿ ಅವನು ಒಂದು ಕಿಲೋಮೀಟರ್ ಜಾರಿರುತ್ತಾನೆ. ಆದರೆ ಅವನ ಅಂಗಳದ ಉದ್ದವೇ 61 ಮೀಟರ್, ಅಗಲ 26 ಮೀಟರ್, ಸುತ್ತಲೂ ಗಟ್ಟಿಯಾದ ಹಲಗೆಯ ಗೋಡೆ. ಐಸ್ ಹಾಕಿಯ ವೈಭವವೂ ಅಪಾಯವೂ ಈ ಎರಡು ಸಂಖ್ಯೆಗಳ ಅಂತರದಲ್ಲಿ ಅಡಗಿವೆ.

ಮಂಜುಗಡ್ಡೆ ಏಕೆ ಜಾರುತ್ತದೆಂಬ ಪ್ರಶ್ನೆಗೆ ಶಾಲೆಯ ಪಠ್ಯಗಳು ಬಹುಕಾಲ ಕೊಡುತ್ತ ಬಂದ ಉತ್ತರ ಒತ್ತಡದ್ದು: ಸ್ಕೇಟಿನ ಸಪೂರವಾದ ಅಲಗಿನ ಮೇಲೆ ದೇಹಭಾರವೆಲ್ಲ ಬಿದ್ದು, ಕೆಳಗಿನ ಮಂಜು ಕರಗಿ, ನೀರಿನ ತೆಳುಪೊರೆ ಉಂಟಾಗುತ್ತದೆ ಎಂದು. ಒತ್ತಡ ಹೆಚ್ಚಿದಂತೆ ಮಂಜಿನ ಕರಗುಬಿಂದು ಇಳಿಯುವುದು ನಿಜ. ಆದರೆ ಅದನ್ನು ಒಂದೇ ಒಂದು ಡಿಗ್ರಿ ಇಳಿಸುವುದಕ್ಕೆ ವಾಯುಮಂಡಲದ ಒತ್ತಡಕ್ಕೆ ಸುಮಾರು 135 ಪಟ್ಟು ಬೇಕಾಗುವುದರಿಂದ, ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿರುವ ಆಟದಂಗಳದಲ್ಲಿ ಮನುಷ್ಯನೊಬ್ಬನ ಭಾರದಿಂದ ಈ ಕಾರ್ಯ ಆಗತಕ್ಕದ್ದಲ್ಲ. ಮೈಕೇಲ್ ಫ್ಯಾರಡೆ 1850ರಲ್ಲಿಯೇ ಬೇರೊಂದು ದಾರಿಯನ್ನು ತೋರಿಸಿದ್ದನು. ಎರಡು ಮಂಜಿನ ತುಂಡುಗಳನ್ನು ತಾಗಿಸಿ ಹಿಡಿದರೆ ಅವು ಬೆಸೆದುಕೊಳ್ಳುವುದನ್ನು ಕಂಡು, ಮಂಜಿನ ಮೇಲ್ಮೈಯಲ್ಲಿ ಯಾವ ಒತ್ತಡವೂ ಇಲ್ಲದೆಯೇ ದ್ರವಸದೃಶವಾದ ಒಂದು ಪದರವಿರಬೇಕೆಂದು ಆತ ತರ್ಕಿಸಿದನು. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬವರು, ಉಜ್ಜುವಿಕೆಯಿಂದಲೇ ಹುಟ್ಟುವ ಶಾಖವು ಮಂಜನ್ನು ಕರಗಿಸುತ್ತದೆಂದು ಪ್ರಯೋಗಗಳಿಂದ ತೋರಿಸಿಕೊಟ್ಟರು. 2018ರಲ್ಲಿ ಪ್ರಕಟವಾದ ಪ್ರಯೋಗಗಳು ಮೇಲ್ಪದರದ ಅಣುಗಳ ಚಲನೆಯತ್ತಲೇ ಬೆರಳು ತೋರಿದುವು: ಒಳಗಿನ ಅಣು ನಾಲ್ಕು ನೆರೆಯವರೊಡನೆ ಬಿಗಿಯಾಗಿ ಕಟ್ಟಿಹಾಕಲ್ಪಟ್ಟಿರುವಾಗ, ಮೇಲಿನ ಅಣುವಿಗೆ ಅಷ್ಟು ಬಂಧಗಳಿಲ್ಲದೆ ಅದು ಉರುಳಾಡಬಲ್ಲುದು. ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ ಮಂಜು ಅತ್ಯಂತ ನುಣುಪಾಗಿರುತ್ತದೆಂದೂ, ಅದಕ್ಕಿಂತ ಬೆಚ್ಚಗಾದರೆ ಮೇಲ್ಮೈ ಮೆತ್ತಗಾಗಿ ಅಲಗು ಹೂಳುತ್ತದೆಂದೂ ಆ ಪ್ರಯೋಗಗಳಲ್ಲಿ ಕಂಡುಬಂದಿತು. ಯಾವ ಸೂತ್ರದ ನೆರವೂ ಇಲ್ಲದೆ, ಆಟದಂಗಳಗಳ ಮೇಲ್ವಿಚಾರಕರು ಹಲವು ದಶಕಗಳಿಂದ ಮಂಜನ್ನು ಹೆಚ್ಚುಕಡಮೆ ಆ ಉಷ್ಣತೆಯ ಸಮೀಪದಲ್ಲಿಯೇ ಕಾಯ್ದುಕೊಂಡು ಬಂದಿರುವುದು ಕಸುಬುದಾರರ ಅನುಭವಕ್ಕೆ ನಾವು ಕೊಡಬೇಕಾದ ಗೌರವವನ್ನು ನೆನಪಿಗೆ ತರುತ್ತದೆ.

ಇಂಥ ನೆಲದ ಮೇಲೆ ಓಡುವುದು ಹೇಗೆ? ನಾವು ಓಡುವಾಗ ನೆಲವನ್ನು ಹಿಂದಕ್ಕೆ ಒದೆಯುತ್ತೇವೆ; ಘರ್ಷಣೆ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಸ್ಕೇಟನ್ನು ಹಿಂದಕ್ಕೆ ಒದೆದರೆ ಅದು ಸುಮ್ಮನೆ ಜಾರಿಹೋಗುತ್ತದೆ. ಆದಕಾರಣ ಆಟಗಾರನು ಅಲಗಿನ ಅಂಚನ್ನು ಮಂಜಿನೊಳಕ್ಕೆ ಊರಿ ಪಕ್ಕಕ್ಕೆ ಒದೆಯುತ್ತಾನೆ. ಅಲಗು ಉದ್ದಕ್ಕೆ ಜಾರಬಲ್ಲುದು, ಅಡ್ಡಕ್ಕೆ ಜಾರಲಾರದು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಕಾಲು ಹೊರಕ್ಕೆ ಚಾಚಿ ಮತ್ತೆ ಒಳಕ್ಕೆ ಸೆಳೆದುಕೊಳ್ಳಬೇಕಾಗಿರುವುದರಿಂದ, ಹುಲ್ಲಿನ ಮೇಲೆ ಓಡುವವನಲ್ಲಿ ಗೌಣವಾಗಿರುವ ತೊಡೆಯ ಒಳಮಗ್ಗುಲಿನ ಸ್ನಾಯುಗಳು ಇವನಲ್ಲಿ ಪ್ರಧಾನವಾಗುತ್ತವೆ, ಮತ್ತು ಅಲ್ಲಿಯೇ ಅವನು ನೋಯುತ್ತಾನೆ. ಅಮೆರಿಕದ ವೃತ್ತಿತಂಡವೊಂದರ ಆಟಗಾರರನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಯಾರ ತೊಡೆಯ ಒಳಸ್ನಾಯುಗಳ ಬಲವು ಹೊರಸ್ನಾಯುಗಳ ಬಲದ ಶೇಕಡ 80ಕ್ಕಿಂತ ಕಡಮೆಯಿತ್ತೋ ಅವರಿಗೆ ಆ ಸ್ನಾಯು ಹರಿಯುವ ಸಂಭವ ಇತರರಿಗಿಂತ 17 ಪಟ್ಟು ಹೆಚ್ಚೆಂದು ತಿಳಿದುಬಂದಿತು. ಋತುವಿನ ಆರಂಭಕ್ಕೆ ಮೊದಲೇ ಆ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳು ಬಳಕೆಗೆ ಬಂದುದಕ್ಕೆ ಇಂಥ ಅಳತೆಗಳೇ ಮೂಲ. ಎಷ್ಟೋ ಮಂದಿಯ ವೃತ್ತಿಗೆ ಇದರಿಂದ ಒಂದೆರಡು ವರ್ಷಗಳಾದರೂ ಕೂಡಿಬಂದಿರಬೇಕು.

ಈ ವೃತ್ತಿಗೆ ಬಾಲ್ಯದಲ್ಲಿಯೇ ನಾಂದಿಯಾಗುತ್ತದೆ. ಕೆನಡಾದಲ್ಲಿ ಮಕ್ಕಳ ತಂಡಗಳನ್ನು ಜನವರಿ 1ನ್ನು ಗಡಿಯಾಗಿಟ್ಟುಕೊಂಡು ವಯಸ್ಸಿನ ಪ್ರಕಾರ ವಿಂಗಡಿಸುತ್ತಾರೆ. ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಅವರ ಸಂಗಡಿಗರು ಮೇಲ್ಮಟ್ಟದ ಆಟಗಾರರ ಜನ್ಮದಿನಾಂಕಗಳನ್ನು ಕೂಡಿಹಾಕಿ 1985ರಲ್ಲಿ ಪ್ರಕಟಿಸಿದಾಗ, ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಅತ್ಯಧಿಕವಾಗಿಯೂ ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವರು ಅತ್ಯಲ್ಪವಾಗಿಯೂ ಇರುವುದು ಕಂಡುಬಂದಿತು. ಇದರಲ್ಲಿ ನಕ್ಷತ್ರಗಳ ಕೈವಾಡವೇನೂ ಇಲ್ಲ. ಒಂಬತ್ತು ವರ್ಷದ ಹುಡುಗರಲ್ಲಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಸುಮಾರು ಒಂದು ವರ್ಷ ದೊಡ್ಡವನು. ಆ ಎತ್ತರವನ್ನೂ ಬಲವನ್ನೂ ಪ್ರತಿಭೆಯೆಂದು ಭಾವಿಸಿದ ತರಬೇತುದಾರನು ಅವನನ್ನು ಉತ್ತಮ ತಂಡಕ್ಕೆ ಆರಿಸುತ್ತಾನೆ. ಆಮೇಲೆ ಹೆಚ್ಚಿನ ಆಟ, ಹೆಚ್ಚಿನ ಶಿಕ್ಷಣ, ಹೆಚ್ಚಿನ ಮಂಜಿನ ಹೊತ್ತು ಅವನ ಪಾಲಿಗೆ ಬಂದು, ಮೊದಲಿಗೆ ಭ್ರಮೆಯಾಗಿದ್ದುದು ಕಡೆಗೆ ನಿಜವೇ ಆಗಿಬಿಡುತ್ತದೆ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಲೆಕ್ಕಕ್ಕೆ ಸರಿಹೊಂದುವಂತೆ ಬರೆದುಕೊಂಡ ಜನ್ಮದಿನಾಂಕವನ್ನೇ ಆಯುಷ್ಯಪರ್ಯಂತ ಹೊತ್ತುಕೊಂಡಿರುವ ಮಂದಿ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಇದ್ದಾರೆ. ವಯಸ್ಸಿನ ಗಡಿಯಿಟ್ಟು ಮಕ್ಕಳನ್ನು ಆರಿಸುವ ಯಾವ ಪದ್ಧತಿಯೂ ಇಲ್ಲಿ ಎಷ್ಟು ಎಚ್ಚರದಿಂದ ನಡೆಯಬೇಕೆಂಬುದನ್ನು ಇದರಿಂದ ಊಹಿಸಬಹುದು.

ಹದಿನಾರರಿಂದ ಇಪ್ಪತ್ತರವರೆಗೆ ಕಿರಿಯರ ಲೀಗು, ಹದಿನೆಂಟಕ್ಕೆ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನ ವಾರ್ಷಿಕ ಆಯ್ಕೆ, ಆಯ್ಕೆಯಾದವರಲ್ಲಿಯೂ ಬಹುಮಂದಿಗೆ ಕೆಳಗಿನ ಲೀಗುಗಳಲ್ಲಿ ವರ್ಷಾನುಗಟ್ಟಲೆ ಕಾಯುವಿಕೆ: ಇದು ಸಾಮಾನ್ಯವಾದ ಮಾರ್ಗ. ಹಾಗೂ ಹೀಗೂ ಮೇಲೆ ತಲುಪಿದವನು ಅಲ್ಲಿ ಆಡುವ ಕಾಲ ಸರಾಸರಿಯಲ್ಲಿ ಐದು ವರ್ಷಗಳ ಸುತ್ತಮುತ್ತ ಎಂದು ಹೇಳುವುದುಂಟು. 1946ರಲ್ಲಿ ಆ ಲೀಗಿಗೆ ಕಾಲಿಟ್ಟು 1980ರಲ್ಲಿ, 52ನೆಯ ವಯಸ್ಸಿನಲ್ಲಿ, ಕೊನೆಯ ಪಂದ್ಯವನ್ನಾಡಿದ ಗಾರ್ಡಿ ಹೋವ್‌ರಂಥವರು ಅಪವಾದಗಳು. ಆ ಉದಾಹರಣೆಯಿಂದ ನಿಯಮವನ್ನು ಕಟ್ಟಲಾಗದು.

ಅಂಗಳದಲ್ಲಿ ಅವನ ಕೆಲಸ ಬಿಡಿ ಬಿಡಿಯಾದ ತುಣುಕುಗಳಲ್ಲಿ ನಡೆಯುತ್ತದೆ. ಒಮ್ಮೆ ಇಳಿದರೆ ಸುಮಾರು 45 ಸೆಕೆಂಡುಗಳ ಪೂರ್ಣಶಕ್ತಿಯ ಆಟ, ಬಳಿಕ ಬೆಂಚು, ಒಂದೆರಡು ನಿಮಿಷಗಳಲ್ಲಿ ಮತ್ತೆ ಕರೆ. ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಬಹುಮಂದಿ ನಿಜವಾಗಿ ಮಂಜಿನ ಮೇಲಿರುವುದು ಹದಿನೈದು ಇಪ್ಪತ್ತು ನಿಮಿಷಗಳಷ್ಟೇ. ಈ 45 ಸೆಕೆಂಡಿನ ಅವಧಿಯನ್ನು ಬಹುಮಟ್ಟಿಗೆ ಶರೀರರಸಾಯನವೇ ಗೊತ್ತುಮಾಡಿದೆ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಫಾಸ್ಫೇಟುಗಳ ಕೂಡಿಟ್ಟ ಶಕ್ತಿ ಹತ್ತು ಸೆಕೆಂಡಿನೊಳಗೆ ಬಹುಪಾಲು ವೆಚ್ಚವಾಗುತ್ತದೆ. ಆಮೇಲೆ ಆಮ್ಲಜನಕದ ನೆರವಿಲ್ಲದೆ ಸಕ್ಕರೆಯನ್ನು ಒಡೆಯುವ ಕ್ರಿಯೆ ಹೊಣೆಯನ್ನು ಹೊತ್ತು, ಸುಮಾರು ಒಂದು ನಿಮಿಷದ ಒಳಗೆ ಸ್ನಾಯುವಿನ ಆಮ್ಲೀಯತೆಯನ್ನು ಏರಿಸಿ ಕಾಲುಗಳನ್ನು ಭಾರವಾಗಿಸುತ್ತದೆ. ಭಾರವಾದ ಕಾಲುಗಳನ್ನು ಹೊತ್ತು ಆ ಜಾರುನೆಲದಲ್ಲಿ ಉಳಿಯುವುದು ಅಪಾಯಕರ. ಬೆಂಚಿನ ಮೇಲೆ ಕುಳಿತಾಗ, ಹೃದಯವೂ ಶ್ವಾಸಕೋಶಗಳೂ ಆಮ್ಲಜನಕವನ್ನು ತಂದು ಸುರಿದು, ಬರಿದಾದ ಫಾಸ್ಫೇಟುಗಳನ್ನು ಮತ್ತೆ ತುಂಬುತ್ತವೆ. ಆದುದರಿಂದ ದೀರ್ಘಕಾಲ ಬಾಳಿದ ಆಟಗಾರನೆಂದರೆ ವೇಗವಾಗಿ ಓಡಬಲ್ಲವನು ಮಾತ್ರವಲ್ಲ, ವೇಗವಾಗಿ ದಣಿವಾರಿಸಿಕೊಳ್ಳಬಲ್ಲವನು.

ಭಾರತೀಯ ಮೂಲದ ಒಬ್ಬ ಆಟಗಾರರ ಜೀವಿತ ಇಲ್ಲಿ ವಿವರವಾಗಿ ಹೇಳತಕ್ಕದ್ದು. ಪಂಜಾಬಿನ ತಂದೆಯ ಮಗನಾಗಿ 1980ರಲ್ಲಿ ಕೆನಡಾದಲ್ಲಿ ಜನಿಸಿದ ಮ್ಯಾನಿ ಮಲ್ಹೋತ್ರಾ ಅವರನ್ನು 1998ರ ಆಯ್ಕೆಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡವು ಏಳನೆಯವರಾಗಿ ಆರಿಸಿಕೊಂಡಿತು. ಹದಿನೆಂಟರ ಹುಡುಗನ ಮೇಲೆ ಹೊರಿಸಿದ ಆ ನಿರೀಕ್ಷೆ ಗೋಲುಗಳ ರೂಪದಲ್ಲಿ ಪೂರ್ಣವಾಗಿ ಫಲಿಸಲಿಲ್ಲ. ತಂಡದಿಂದ ತಂಡಕ್ಕೆ ಸಾಗುತ್ತ ಅವರು ತಮ್ಮ ವೃತ್ತಿಯನ್ನು ಬೇರೊಂದು ವಿದ್ಯೆಯ ಮೇಲೆ ಕಟ್ಟಿಕೊಂಡರು: ತೀರ್ಪುಗಾರನು ಇಬ್ಬರು ಎದುರಾಳಿಗಳ ನಡುವೆ ಪಕ್ಕನ್ನು ಕೆಳಗೆ ಬಿಡುವ ಕ್ಷಣದಲ್ಲಿ ಅದನ್ನು ತನ್ನ ಕಡೆಗೆ ಗೆದ್ದುಕೊಳ್ಳುವ ವಿದ್ಯೆ. ಕಣ್ಣು ಕಂಡು ಕೈ ಚಲಿಸುವುದಕ್ಕೆ ಸೆಕೆಂಡಿನ ಐದರಲ್ಲೊಂದು ಭಾಗವಾದರೂ ಬೇಕು. ಪಕ್ಕು ಕೈಯಿಂದ ಮಂಜಿಗೆ ಬೀಳುವ ಅಲ್ಪಾವಧಿಯಲ್ಲಿ ಇದು ದೊಡ್ಡ ಪಾಲು. ಆದುದರಿಂದ ಗೆಲ್ಲುವವನು ತೀರ್ಪುಗಾರನ ಮಣಿಕಟ್ಟಿನಿಂದಲೇ ಮುಂದಾಗುವುದನ್ನು ಓದಬೇಕಾಗುತ್ತದೆ. ಈ ಓದಿಗೆ ಬೇಕಾದುದು ಎರಡು ಕಣ್ಣುಗಳು ಕೂಡಿ ಕೊಡುವ ದೂರದ ಅರಿವು. 2011ರ ಮಾರ್ಚಿನಲ್ಲಿ, ವ್ಯಾಂಕೂವರ್ ತಂಡದಲ್ಲಿದ್ದಾಗ, ಚಿಮ್ಮಿಬಂದ ಪಕ್ಕು ಅವರ ಎಡಗಣ್ಣಿಗೆ ಬಡಿಯಿತು. ಶಸ್ತ್ರಚಿಕಿತ್ಸೆಗಳಾದ ಮೇಲೆ, ಅದೇ ಜೂನಿನಲ್ಲಿ ಮುಖಕ್ಕೆ ಪೂರ್ತಿ ಕಾಪು ಕಟ್ಟಿಕೊಂಡು ಅವರು ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸರಣಿಯಲ್ಲಿ ಮರಳಿ ಇಳಿದಾಗ ಅಂಗಳವೆಲ್ಲ ಎದ್ದು ನಿಂತಿತು. ಆದರೆ ಹೋದ ದೃಷ್ಟಿ ಪೂರ್ಣವಾಗಿ ಮರಳಲಿಲ್ಲ. 2013ರಲ್ಲಿ, ಎದುರಾಳಿಯ ಡಿಕ್ಕಿಯನ್ನು ಕಾಣದೆ ಇನ್ನೂ ದೊಡ್ಡ ಅಪಘಾತವಾದೀತೆಂಬ ಭಯದಿಂದ ತಂಡವೇ ಅವರನ್ನು ಆಟದಿಂದ ತಡೆಹಿಡಿಯಿತು. ಅವರು ಆಮೇಲೆಯೂ ಬೇರೆ ತಂಡಗಳಲ್ಲಿ ಆಡಿ, ಒಟ್ಟು 991 ಪಂದ್ಯಗಳಲ್ಲಿ ಲೀಗಿನ ಅಂಗಳಕ್ಕಿಳಿದು, ಕಡೆಗೆ ತರಬೇತುದಾರರಾದರು. ಮೊದಲಿನ ಹೊಗಳಿಕೆಗಿಂತ ಈ ಉತ್ತರಾರ್ಧವೇ ನನಗೆ ಹೆಚ್ಚಿನದಾಗಿ ತೋರುತ್ತದೆ.

ಕಣ್ಣಿಗಿಂತಲೂ ಮರೆಯಾದ ಅಪಾಯ ಮಿದುಳಿನದು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದು ಗೋಡೆಗೆ ಅಪ್ಪಳಿಸಿದವನ ಸ್ಥಿತಿ ಐದು ಮೀಟರ್ ಎತ್ತರದಿಂದ ಬಿದ್ದವನ ಸ್ಥಿತಿಗೆ ಸಮಾನ. ಶಿರಸ್ತ್ರಾಣವು ತಲೆಬುರುಡೆಯನ್ನು ಒಡೆಯದಂತೆ ಕಾಯುತ್ತದೆ. ಆದರೆ ತಲೆ ಥಟ್ಟನೆ ತಿರುಗಿದಾಗ ಒಳಗಿನ ಮೃದುವಾದ ಮಿದುಳು ಹಿಂದುಳಿದು, ಅದರ ನರತಂತುಗಳು ಎಳೆಯಲ್ಪಡುವುದನ್ನು ಅದು ಪೂರ್ಣವಾಗಿ ತಡೆಯಲಾರದು. 2011ರಲ್ಲಿ, 28ನೆಯ ವಯಸ್ಸಿನಲ್ಲಿ ಮೃತರಾದ ಡೆರೆಕ್ ಬೂಗಾರ್ಡ್ ಎಂಬ ಆಟಗಾರರ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾನಿಲಯದ ತಜ್ಞರು ಪರೀಕ್ಷಿಸಿ, ಮತ್ತೆ ಮತ್ತೆ ಪೆಟ್ಟು ತಿಂದವರಲ್ಲಿ ಕಾಣಬರುವ, ಮಿದುಳು ಕ್ರಮೇಣ ಕ್ಷೀಣಿಸುವ ವ್ಯಾಧಿಯ ಗುರುತುಗಳನ್ನು ಅದರಲ್ಲಿ ಕಂಡರು. ಶಿರಸ್ತ್ರಾಣವನ್ನು ಹೊಸ ಆಟಗಾರರಿಗೆ ಲೀಗು ಕಡ್ಡಾಯಗೊಳಿಸಿದ್ದೇ 1979ರಲ್ಲಿ ಎಂಬುದನ್ನು ನೆನೆದರೆ, ಆಟವನ್ನು ಆಳುವವರು ಆಟಗಾರನ ಮಿದುಳಿನ ವಿಷಯದಲ್ಲಿ ಬಹಳ ತಡವಾಗಿ ಎಚ್ಚೆತ್ತರೆಂದೇ ಹೇಳಬೇಕಾಗುತ್ತದೆ.

ಈಗ ಒಂದು ನಗರದ ಮಾತು. 1875ರ ಮಾರ್ಚ್ 3ರಂದು ಮಾಂಟ್ರಿಯಲ್ಲಿನ ವಿಕ್ಟೋರಿಯಾ ಸ್ಕೇಟಿಂಗ್ ಅಂಗಳದಲ್ಲಿ ಛಾವಣಿಯ ಕೆಳಗಿನ ಮೊದಲ ಸಂಘಟಿತ ಐಸ್ ಹಾಕಿ ಪಂದ್ಯ ನಡೆಯಿತು. ಆಡಿದವರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿದ್ದರು; ಎರಡು ವರ್ಷಗಳ ಬಳಿಕ ಅಲ್ಲಿಯ ಪತ್ರಿಕೆಯೊಂದರಲ್ಲಿ ಅಚ್ಚಾದ ನಿಯಮಗಳನ್ನು ಇಂಗ್ಲೆಂಡಿನ ಮೈದಾನದ ಹಾಕಿಯಿಂದ ಬಹುಪಾಲು ಹಾಗೆಯೇ ಎತ್ತಿಕೊಳ್ಳಲಾಗಿತ್ತು. ಹುಲ್ಲಿನ ಆಟ ಹೀಗೆ ಮಂಜನ್ನೇರಿತು. 101 ವರ್ಷಗಳ ನಂತರ, 1976ರ ಒಲಿಂಪಿಕ್ಸಿನಲ್ಲಿ, ಅದೇ ನಗರದ ಅದೇ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಮೋಲ್ಸನ್ ಕ್ರೀಡಾಂಗಣದಲ್ಲಿ ಮೈದಾನದ ಹಾಕಿಯನ್ನು ಒಲಿಂಪಿಕ್ ಇತಿಹಾಸದಲ್ಲೇ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಹಿಂದಿನ ವರ್ಷ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದು ಬಂದಿದ್ದ ಭಾರತ ತಂಡ ಇಲ್ಲಿ ಆಸ್ಟ್ರೇಲಿಯಕ್ಕೆ 1-6ರಿಂದ ಸೋತು, ಒಟ್ಟಿನಲ್ಲಿ ಏಳನೆಯದಾಯಿತು. ಅಲ್ಲಿಯವರೆಗೆ ಆಡಿದ ಪ್ರತಿಯೊಂದು ಒಲಿಂಪಿಕ್ಸಿನಲ್ಲಿಯೂ ಪದಕ ತಂದಿದ್ದ ದೇಶ ಬರಿಗೈಯಲ್ಲಿ ಹಿಂದಿರುಗಿತು.

ಆ ತಂಡದಲ್ಲಿ ನಮ್ಮ ನೆರೆಯ ಸೋಮವಾರಪೇಟೆಯ ಬಿ.ಪಿ. ಗೋವಿಂದ ಇದ್ದರು. 1972ರ ಮ್ಯೂನಿಕ್ಕಿನಲ್ಲಿ ಕಂಚು, 1973ರಲ್ಲಿ ವಿಶ್ವಕಪ್ಪಿನ ಬೆಳ್ಳಿ, 1975ರಲ್ಲಿ ಅದರದೇ ಚಿನ್ನ. ವೇಗಕ್ಕೆ ಹೆಸರಾದ ಮುಂಚೂಣಿಯ ಆಟಗಾರ. ಅಂಥವರಿದ್ದೂ ಹೀಗಾದುದೇಕೆ? ಹುಲ್ಲಿನ ನೆಲ ಚೆಂಡಿನ ವೇಗವನ್ನು ಹೀರುತ್ತದೆ. ಅದರ ಉಬ್ಬುತಗ್ಗುಗಳು ಚೆಂಡನ್ನು ಅನಿರೀಕ್ಷಿತವಾಗಿ ಪುಟಿಸುತ್ತವೆ. ಅಂಥ ನೆಲದಲ್ಲಿ ದೂರದಿಂದ ಬಂದ ಹೊಡೆತವನ್ನು ನಂಬುವಂತಿಲ್ಲವಾದುದರಿಂದ, ಚೆಂಡನ್ನು ಕೋಲಿನ ಹತ್ತಿರವೇ ಇಟ್ಟುಕೊಂಡು, ಮಣಿಕಟ್ಟಿನ ಸೂಕ್ಷ್ಮ ಚಲನೆಗಳಿಂದ ಎದುರಾಳಿಯನ್ನು ವಂಚಿಸಿ ಸಾಗುವ ಭಾರತೀಯ ಶೈಲಿ ವಿಕಾಸಗೊಂಡಿತು. ಕೃತಕ ಹಾಸಿನ ಮೇಲೆ ಚೆಂಡು ನೇರವಾಗಿ, ವೇಗ ಕುಂದದೆ, ಪುಟಿಯದೆ ಬರುತ್ತದೆ. ನೆಲ ತಾನೇ ಚೆಂಡನ್ನು ಅಂಕೆಯಲ್ಲಿಡುವಲ್ಲಿ, ಅದನ್ನು ಪಳಗಿಸುವ ವಿದ್ಯೆಯ ಬೆಲೆ ಇಳಿದು, ಮೂವತ್ತು ಮೀಟರ್ ದೂರಕ್ಕೆ ಹೊಡೆದು ಅದರ ಹಿಂದೆ ಓಡಿಹೋಗಬಲ್ಲ ಕಾಲಿನ ಬೆಲೆ ಏರುತ್ತದೆ. ಇಪ್ಪತ್ತು ವರ್ಷ ಒಂದು ಬಗೆಯ ಪುಟಿತಕ್ಕೆ ಪಳಗಿದ ನರಮಂಡಲವು ಹೊಸ ನೆಲದಲ್ಲಿ ತನ್ನ ನಿರೀಕ್ಷೆಗಳೆಲ್ಲ ತಪ್ಪುತ್ತಿರುವುದನ್ನು ಕಾಣುತ್ತದೆ. ಅದನ್ನು ತಿದ್ದಿಕೊಳ್ಳುವುದಕ್ಕೆ ಅದೇ ನೆಲದ ಮೇಲೆ ಸಾವಿರಾರು ಪುನರಾವರ್ತನೆಗಳು ಬೇಕು. ಶ್ರೀಮಂತ ದೇಶಗಳು ಆ ಹಾಸನ್ನು ಹಾಸಿಕೊಂಡವು. ನಮ್ಮ ಹುಡುಗರಿಗೆ ಅದು ಸಿಕ್ಕುವ ಹೊತ್ತಿಗೆ ಒಂದು ಪೀಳಿಗೆ ಕಳೆದಿತ್ತು. ಗೋವಿಂದರಂಥವರ ಹಾಗೂ ಅವರ ಸಹಆಟಗಾರರ ಸೋಲನ್ನು ಅವರ ಕಾಲುಗಳ ಸೋಲೆಂದು ಬರೆದವರ ಮಾತನ್ನು ನಾನು ಒಪ್ಪಲಾರೆ.

ಕೊಡಗಿನ ಮೂರು ಪೀಳಿಗೆಗಳನ್ನು ಸಾಲಾಗಿಟ್ಟು ನೋಡಿದರೆ ನೆಲದ ಇತಿಹಾಸವೇ ಅವುಗಳಲ್ಲಿ ಬರೆದಿದೆ. ಎಂ.ಪಿ. ಗಣೇಶ್ ಸೈನ್ಯದಿಂದ ಬಂದವರು, ಹುಲ್ಲಿನ ಯುಗದವರು; 1973ರಲ್ಲಿ ನೆದರ್ಲೆಂಡಿನ ಆಮ್ಸ್ಟಲ್ವೇನಿನಲ್ಲಿ ಅವರ ನಾಯಕತ್ವದ ತಂಡ ವಿಶ್ವಕಪ್ಪನ್ನು ಕೇವಲ ಪೆನಾಲ್ಟಿ ಹೊಡೆತಗಳಲ್ಲಿ ಕಳೆದುಕೊಂಡಿತು; 2020ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಎಂ.ಎಂ. ಸೋಮಯ್ಯ ಸಂಧಿಕಾಲದವರು, ಹಲವು ಬಲಿಷ್ಠ ದೇಶಗಳು ಬಹಿಷ್ಕರಿಸಿದ 1980ರ ಮಾಸ್ಕೋದಲ್ಲಿ ಸ್ಪೇನನ್ನು 4-3ರಿಂದ ಗೆದ್ದ ತಂಡದಲ್ಲಿದ್ದು, 1984, 1988ರ ಒಲಿಂಪಿಕ್ಸುಗಳಲ್ಲಿಯೂ ಆಡಿ, ಕೊನೆಯದರಲ್ಲಿ ನಾಯಕರಾಗಿದ್ದರು. ಎಸ್.ವಿ. ಸುನಿಲ್ ಮತ್ತು ವಿ.ಆರ್. ರಘುನಾಥ್ ಕೃತಕ ಹಾಸಿನ ಮಕ್ಕಳು. ಸೋಮವಾರಪೇಟೆಯ ಸುನಿಲ್ 2007ರಿಂದ 2021ರವರೆಗೆ, 250ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ, ಮುಂಚೂಣಿಯಲ್ಲಿ ಮಿಂಚಿನಂತೆ ಓಡಿದವರು. ರಘುನಾಥ್ ಅವರ ವಿದ್ಯೆ ಡ್ರ್ಯಾಗ್ ಫ್ಲಿಕ್, ಅದು ನುಣುಪಾದ ಹಾಸು ಇಲ್ಲದಿದ್ದರೆ ಬೆಳೆಯಲಾರದ ವಿದ್ಯೆ. ಕಾಲುಗಳನ್ನು ಅಗಲವಾಗಿ ಚಾಚಿ, ಚೆಂಡನ್ನು ಕೋಲಿನ ದಂಡಕ್ಕೆ ತಾಗಿಸಿಕೊಂಡು ನೆಲದುದ್ದಕ್ಕೂ ಎಳೆಯುವಾಗ, ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ತೋಳು, ಕಡೆಗೆ ಮಣಿಕಟ್ಟು ಹೀಗೆ ಒಂದರ ಹಿಂದೊಂದು ತಿರುಗಿ ತಮ್ಮ ವೇಗವನ್ನು ಚೆಂಡಿಗೆ ಕೂಡಿಸುತ್ತವೆ. ಐಸ್ ಹಾಕಿಯವನು ತನ್ನ ದೊಡ್ಡ ಹೊಡೆತದಲ್ಲಿ ಬೇರೊಂದು ಉಪಾಯವನ್ನು ಹೂಡುತ್ತಾನೆ: ಪಕ್ಕಿಗಿಂತ ಸ್ವಲ್ಪ ಹಿಂದೆ ಮಂಜಿಗೇ ಹೊಡೆದು ಕೋಲನ್ನು ಬಾಗಿಸುತ್ತಾನೆ, ಬಿಲ್ಲಿನಲ್ಲಿರುವಂತೆ ಅದರಲ್ಲಿ ಕೂಡಿದ ಶಕ್ತಿ ಮರುಕ್ಷಣ ಪಕ್ಕಿಗೆ ಸಲ್ಲುತ್ತದೆ. 2012ರಲ್ಲಿ ಝ್ಡೆನೊ ಚಾರಾ ಎಂಬ ಆಟಗಾರನು ಹೀಗೆ ಹೊಡೆದ ಪಕ್ಕು ಗಂಟೆಗೆ 175 ಕಿಲೋಮೀಟರ್ ವೇಗವನ್ನು ಮುಟ್ಟಿತು. ಮಂಜಿನವನು ತೊಡೆಯ ಒಳಗೆ ನೋಯುತ್ತಾನೆ. ಡ್ರ್ಯಾಗ್ ಫ್ಲಿಕ್ಕಿನವನು ಬೆನ್ನಿನ ಕೆಳಭಾಗದಲ್ಲಿ. ಕೃತಕ ಹಾಸಿನ ಮೇಲೆ ಓಡುವ ಎಲ್ಲರೂ, ಬೂಟು ಅಂಟಿಕೊಂಡಲ್ಲಿಯೇ ದೇಹ ತಿರುಗಿಬಿಡುವುದರಿಂದ, ಮೊಣಕಾಲಿನಲ್ಲಿ.

ಇನ್ನೊಂದು ಸಂಗತಿ ಗಮನಾರ್ಹ. ವೇಗ ಹೆಚ್ಚಿದಂತೆಲ್ಲ ಮೈದಾನದ ಹಾಕಿ ಮಂಜಿನ ತಂಗಿಯಿಂದ ಪಾಠ ಕಲಿಯಿತು. 1990ರ ದಶಕದಿಂದೀಚೆಗೆ ಆಟಗಾರರನ್ನು ಎಷ್ಟು ಬಾರಿಯಾದರೂ ಹೊರಕ್ಕೆ ಕರೆದು ಮರಳಿ ಕಳುಹಿಸಬಹುದು. 35 ನಿಮಿಷಗಳ ಎರಡು ಅವಧಿಗಳ ಬದಲು ಈಗ 15 ನಿಮಿಷಗಳ ನಾಲ್ಕು. ದಣಿವಾರಿಸಿಕೊಳ್ಳುವ ಸಾಮರ್ಥ್ಯ ಇಲ್ಲಿಯೂ ಆಯ್ಕೆಯ ಒರೆಗಲ್ಲಾಗಿದೆ.

ಜೀವನೋಪಾಯದಲ್ಲಿ ಮಾತ್ರ ಎರಡು ಹಾಕಿಗಳೂ ಬೇರೆಯವೇ. ಅಮೆರಿಕದ ಆಟಗಾರನಿಗೆ ಆಟವೇ ಸಂಬಳ; ನಮ್ಮವರಿಗೆ ಬಹುಕಾಲ ಸಂಬಳ ಕೊಟ್ಟವು ಸೈನ್ಯ, ರೈಲ್ವೆ, ಬ್ಯಾಂಕುಗಳು, ಸರ್ಕಾರಿ ಕಂಪನಿಗಳು. 2013ರಲ್ಲಿ ಹಾಕಿ ಇಂಡಿಯಾ ಲೀಗು ಬಂದು, 2017ರ ಬಳಿಕ ನಿಂತು, 2024ರ ಕೊನೆಯಲ್ಲಿ ಮತ್ತೆ ಆರಂಭವಾಯಿತು. ಹರಾಜಿನ ಹಣ ದೊಡ್ಡದಾಗಿ ಕಂಡರೂ, ಮೊಣಕಾಲು ಕೆಟ್ಟ ದಿನ ಮನೆಯನ್ನು ನಡೆಸಿದ್ದು ಕಚೇರಿಯ ಕೆಲಸವೇ. ಈ ಪದ್ಧತಿಯನ್ನು ಹಳತೆಂದು ತಳ್ಳಿಹಾಕುವವರು, ಐದು ವರ್ಷಗಳ ಸರಾಸರಿಯನ್ನು ಒಮ್ಮೆ ನೆನೆಯಬೇಕು.

ಆದರೆ ಕೊಡಗಿನ ಹಾಕಿಯ ಬೇರು ಸಂಬಳದಲ್ಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಮೊದಲ ವರ್ಷ ಬಂದವು 60 ತಂಡಗಳು; 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನದವರು ನಡೆಸಿದಾಗ 360, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡದವರು ನಡೆಸಿದಾಗ 396. ಇಲ್ಲಿ ತಂಡವನ್ನು ಆರಿಸುವುದು ವಯಸ್ಸಲ್ಲ, ಮನೆತನ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ನಿಲ್ಲಬಹುದು. ಬಾರ್ನ್ಸ್‌ಲಿಯವರು ಕೆನಡಾದಲ್ಲಿ ಕಂಡ ಜನವರಿಯ ಪಕ್ಷಪಾತಕ್ಕೆ ಇಂಥ ಆಟದಲ್ಲಿ ಎಡೆಯೇ ಇಲ್ಲ. ಡಿಸೆಂಬರಿನಲ್ಲಿ ಹುಟ್ಟಿದ ಮಗುವೂ ಚಿಕ್ಕಪ್ಪನ ಪಕ್ಕದಲ್ಲಿ ನಿಂತು, ಅವನು ಚೆಂಡನ್ನು ನಿಲ್ಲಿಸುವ ಬಗೆಯನ್ನು ನೋಡಿ, ತನ್ನ ಕಾಲಕ್ಕೆ ತಾನು ಬೆಳೆಯುತ್ತದೆ. ಅಷ್ಟು ಚಿಕ್ಕ ಜಿಲ್ಲೆಯಿಂದ ಅಷ್ಟು ಮಂದಿ ಆಟಗಾರರು ಬಂದುದಕ್ಕೆ ಯಾರನ್ನೂ ಬೇಗನೆ ಹೊರಗಿಡದ ಈ ಮನೋಧರ್ಮವೂ ಒಂದು ಕಾರಣವಿರಬೇಕೆಂಬುದು ನನ್ನ ಊಹೆ. ಅದನ್ನು ಅಳೆದು ನೋಡುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾನಿಲಯಗಳ ಯುವಕರು ಕೈಹಚ್ಚಬೇಕು.

ಭಾರತದ ಮಂಜಿನ ಹಾಕಿಗೂ ನೆಲೆಯೊಂದುಂಟು. ಲಡಾಖಿನ ಲೇಹ್ ಪಟ್ಟಣದಲ್ಲಿ ಚಳಿಗಾಲಕ್ಕೆ ಕೊಳಗಳು ಗಡ್ಡೆಕಟ್ಟಿದಾಗ, ಸೈನಿಕರೂ ಶಾಲೆಯ ಹುಡುಗ ಹುಡುಗಿಯರೂ ಅಲ್ಲಿ ಆಡುತ್ತಾರೆ. ನಿಸರ್ಗದ ಮಂಜು ಒಂದೆರಡು ತಿಂಗಳಷ್ಟೇ ಉಳಿಯುವುದರಿಂದ, ಕೆನಡಾದ ಹುಡುಗನು ಒಂದು ವರ್ಷದಲ್ಲಿ ಪಡೆಯುವ ಅಭ್ಯಾಸಕ್ಕೆ ಲಡಾಖಿನ ಹುಡುಗಿ ಹಲವು ಚಳಿಗಾಲಗಳನ್ನು ಕಾಯಬೇಕು. ಇಷ್ಟಾಗಿಯೂ ಭಾರತದ ಮಹಿಳೆಯರು 2025ರಲ್ಲಿ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಕಂಚನ್ನು ಗೆದ್ದರು. ಮರಳುಗಾಡಿನ ನಗರದಲ್ಲಿ ಯಂತ್ರದಿಂದ ಕಟ್ಟಿದ ಮಂಜಿನ ಮೇಲೆ, ಹಿಮಾಲಯದ ಹುಡುಗಿಯರಿಗೆ ಆ ಪದಕ ಬಂದಿತು.

ಮೈದಾನದ ಹಾಕಿಯ ನೆಲವಾದರೋ ಮತ್ತೆ ಬದಲಾಗುತ್ತಿದೆ. ಈಗಿನ ಹಾಸಿಗೆ ಆಟಕ್ಕೆ ಮೊದಲೂ ನಡುವೆಯೂ ಸಾವಿರಾರು ಲೀಟರ್ ನೀರನ್ನು ಸಿಂಪಡಿಸಬೇಕು. ಆ ನೀರಿನ ಪೊರೆಯೇ ಚೆಂಡಿಗೆ ಜಾರನ್ನೂ ಬಿದ್ದವರ ಚರ್ಮಕ್ಕೆ ರಕ್ಷಣೆಯನ್ನೂ ಕೊಡುತ್ತದೆ. ನೀರಿನ ಕೊರತೆಯನ್ನು ಮನಗಂಡ ಅಂತರರಾಷ್ಟ್ರೀಯ ಹಾಕಿ ಸಂಸ್ಥೆಯು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಡಮೆ ನೀರು ಬೇಡುವ ಹಾಸನ್ನು ಬಳಸಿ, ನೀರೇ ಬೇಡದ ಹಾಸಿನತ್ತ ಹೆಜ್ಜೆಯಿಟ್ಟಿದೆ. ನೀರಿನ ಪೊರೆ ಹೋದರೆ ಘರ್ಷಣೆ ಏರುತ್ತದೆ. ಚೆಂಡಿನ ವೇಗ, ಡ್ರ್ಯಾಗ್ ಫ್ಲಿಕ್ಕಿನ ಎಳೆತ, ಬೂಟಿನ ಹಿಡಿತ, ಮೊಣಕಾಲಿನ ಮೇಲಿನ ತಿರುಚು ಇವೆಲ್ಲವನ್ನೂ ಮತ್ತೆ ಅಳೆಯಬೇಕಾಗುತ್ತದೆ. ಹಾರಂಗಿ ಕಾವೇರಿಯನ್ನು ಕೂಡುವ ಕೂಡಿಗೆಯ ಕ್ರೀಡಾಶಾಲೆಯಲ್ಲಿಯೋ, ಪೊನ್ನಂಪೇಟೆಯ ವಸತಿನಿಲಯದಲ್ಲಿಯೋ ಈಗ ಹನ್ನೆರಡು ವರ್ಷದವರಾಗಿರುವ ಮಕ್ಕಳು ಇಪ್ಪತ್ತರ ಹೊತ್ತಿಗೆ ಆಡುವುದು ಆ ಹಾಸಿನ ಮೇಲೆ. 1976ರಲ್ಲಿ ಆದಂತೆ ಅದು ಅವರಿಗೆ ಪರದೇಶದ ಮೈದಾನದಲ್ಲಿ ಮೊದಲ ಬಾರಿಗೆ ಎದುರಾಗಬಾರದು. ಇಲ್ಲಿ ಸವೆದ ಹಾಸುಗಳನ್ನು ಬದಲಾಯಿಸುವ ಸಮಯ ಬಂದಾಗ ಹೊಸ ಬಗೆಯದನ್ನೇ ತರಿಸಬೇಕು. ಅದರ ಜೊತೆಗೆ ಘರ್ಷಣೆಯನ್ನೂ ಪುಟಿತವನ್ನೂ ಅಳೆಯುವ ಉಪಕರಣಗಳನ್ನೂ, ಮಕ್ಕಳ ಮೊಣಕಾಲುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ವೈದ್ಯರನ್ನೂ.